ಮೆಟ್ಟಿಲಿಳಿದು ಹೋದವನು

“ಇದು ಕಾಫಿನೇನೇ? ಕಲಗಚ್ಚು! ಮದುವೆಯಾಗಿ ನಲವತ್ತೆಂಟು ವರ್ಷ ಆಯ್ತು, ಒಂದು ದಿನ ನಿನ್ನ ಕೈಯಿಂದ ಬಾಯಿಗೆ ಹಿತವಾದ ಒಂದು ಲೋಟ ಕಾಫಿ ಬರಲಿಲ್ಲ!”

ನಾಣಿಯವರ ದನಿ ಹೊರಕೋಣೆಯಿಂದ ಅಡುಗೆಮನೆಗೆ ಅಪ್ಪಳಿಸಿತು. ಸಾಂತಾಕ್ರೂಜ್‌ನ ಆ ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಇದು ಹೊಸದೇನೂ ಅಲ್ಲ. ಸೊಸೆ ಶುಭಾ ಮಗಳು ಸೌಮ್ಯಾಳನ್ನು ಮಾಟುಂಗಾದ ನೃತ್ಯದ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು. ಮನೆಯಲ್ಲಿದ್ದವರು ಮೂವರೇ: ಎಪ್ಪತ್ತೈದರ ನಾಣಿ, ಅವರ ಹೆಂಡತಿ ಅಲಮೇಲು, ಒಬ್ಬನೇ ಮಗ ರಾಹುಲ್.

ರಾಹುಲ್ ಎಂದಿನಂತೆ ಪೇಪರ್ ಮಡಚಿಟ್ಟು ಎದ್ದ. “ಹಾಲು ತರ್ತೀನಿ” ಎಂದ. ಫ್ರಿಜ್ಜಿನಲ್ಲಿ ಮೂರು ಪ್ಯಾಕೆಟ್ ಹಾಲಿತ್ತು. ಅದು ಅವನಿಗೂ ಗೊತ್ತಿತ್ತು.

ಚೀಲಕ್ಕೆಂದು ಅಡುಗೆಮನೆಯ ಬಾಗಿಲಿಗೆ ಬಂದಾಗ ಅಮ್ಮ ಕಟ್ಟೆಗೆ ಆನಿಕೊಂಡು ನಿಂತಿದ್ದಳು. ಅವಳ ಬಲಗೈಯಿಂದ ಲೋಟ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಅವಳು ಬಗ್ಗಲಿಲ್ಲ. ಮಗನ ಕಡೆ ತಿರುಗಿದಳು. ತುಟಿಯ ಬಲಭಾಗ ಕೆಳಗೆ ಜಗ್ಗಿತ್ತು. “ರಾ... ರಾವು...” ಎಂದೇನೋ ತೊದಲಿದಳು. ಗೋಡೆಯ ಗಡಿಯಾರದಲ್ಲಿ ಎಂಟೂ ಮುಕ್ಕಾಲು.

“ಬೀಳಿಸಿದ್ಯಾ? ಶುರುವಾಯ್ತು ನಾಟಕ!” ಹೊರಗಿನಿಂದ ನಾಣಿ ಗುಡುಗಿದರು.

ಏನೋ ಸರಿಯಿಲ್ಲ ಎಂದು ರಾಹುಲನ ಮನಸ್ಸು ಹೇಳಿತು. ಆದರೆ ಕಾಲುಗಳು ಆಗಲೇ ಚಪ್ಪಲಿ ಮೆಟ್ಟಿದ್ದವು. ಬಂದ ಮೇಲೆ ನೋಡಿದರಾಯಿತು... ಅಪ್ಪ ಸ್ವಲ್ಪ ತಣ್ಣಗಾಗಲಿ... ಹೀಗೆಂದುಕೊಂಡು ಅವನು ಮೆಟ್ಟಿಲಿಳಿದ.

ಈ ಚಾಳಿ ಅವನಿಗೆ ಅಂಟಿದ್ದು ಇಂದು ನಿನ್ನೆಯಲ್ಲ. ಐದಾರು ವರ್ಷದ ಹುಡುಗನಿದ್ದಾಗ ಅಪ್ಪನ ಕೂಗಾಟ ಶುರುವಾದರೆ ಅಮ್ಮನೇ ಅವನ ಕೈಗೆ ಚೀಲ ತುರುಕಿ ಬಾಗಿಲಾಚೆ ನೂಕುತ್ತಿದ್ದಳು. “ಹೋಗು ಮರೀ, ಕೆಳಗೆ ಹೋಗಿ ಕೊತ್ತಂಬರಿ ತಗೊಂಡು ಬಾ. ನಿಧಾನವಾಗಿ ಬಾ” ಎನ್ನುತ್ತಿದ್ದಳು. ಏಟುಗಳು ತನ್ನೊಬ್ಬಳಿಗೇ ಮುಗಿಯಲಿ, ಮಗುವಿನ ಕಣ್ಣಿಗೆ ಬೀಳದಿರಲಿ ಎಂಬ ತಾಯಿಯ ಲೆಕ್ಕ ಅದು. ಮಗು ಬೆಳೆದು ನಲವತ್ತನಾಲ್ಕರ ಗಂಡಸಾದ. ಅಂಧೇರಿಯ ಕಾರ್ಗೋ ಕಚೇರಿಯಲ್ಲಿ ಹತ್ತು ಜನರಿಗೆ ಮೇಲಾದ. ಆದರೂ ಮನೆಯಲ್ಲಿ ದನಿ ಏರಿದೊಡನೆ ಅವನ ಮೈ ತಾನಾಗಿಯೇ ಬಾಗಿಲ ಕಡೆ ತಿರುಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾಣಿ ಶುಭಾಳ ತವರನ್ನು ಹೀಗಳೆದಾಗಲೂ ಅವನು ಹಾಲು ತರಲು ಹೋಗಿದ್ದ. ಸೌಮ್ಯಾ ಹುಟ್ಟಿದಾಗ “ಹೆಣ್ಣಾ?” ಎಂದು ನಾಣಿ ಆಸ್ಪತ್ರೆಯಲ್ಲೇ ರೇಗಿದಾಗಲೂ ಹೋಗಿದ್ದ.

ಆ ಭಾನುವಾರ ಸ್ಟೇಷನ್ ರಸ್ತೆಯ ಟೀ ಅಂಗಡಿಯ ಮುಂದೆ ಮೊಬೈಲ್ ನೋಡುತ್ತ ನಿಂತು ಅವನು ಹಿಂದಿರುಗಿದಾಗ ಒಂಬತ್ತೂ ನಲವತ್ತು. ನಾಣಿ ಹೊರಕೋಣೆಯಲ್ಲಿ ಪೇಪರ್ ಓದುತ್ತಿದ್ದರು. “ಒಳಗೆ ಬಿದ್ಕೊಂಡಿದಾಳೆ ನೋಡು ನಿಮ್ಮಮ್ಮ. ಎಬ್ಬಿಸೋಕೆ ಹೋಗ್ಬೇಡ, ತಾನೇ ಏಳ್ತಾಳೆ” ಎಂದರು.

ಅಲಮೇಲು ಏಳಲಿಲ್ಲ...

ಆಸ್ಪತ್ರೆ ಮುಟ್ಟಿದಾಗ ಹತ್ತೂವರೆ. ಶುಭಾ ಮಾಟುಂಗಾದಿಂದ ಓಡಿ ಬಂದಿದ್ದಳು. ಬೆಳಿಗ್ಗೆ ಅವಳು ಮನೆ ಬಿಟ್ಟಾಗ ಅತ್ತೆ ಇನ್ನೂ ಎದ್ದಿರಲಿಲ್ಲ. ತರುಣ ವಯಸ್ಸಿನ ಲೇಡಿ ಡಾಕ್ಟರು ಅವಸರದಿಂದ ಬಂದು ಹಿಂದಿಯಲ್ಲಿ ಕೇಳಿದರು, ಇವರು ಕೊನೆಯ ಬಾರಿ ಸರಿಯಾಗಿದ್ದದ್ದು ಯಾವಾಗ? ಇದು ಶುರುವಾದದ್ದು ಎಷ್ಟು ಹೊತ್ತಿಗೆ? ಯಾರು ನೋಡಿದಿರಿ?

“ನಾನು ಹೊರಗೆ ಕೂತಿದ್ದೆ, ಬೆಳಿಗ್ಗೆಯಿಂದ ಅವಳ ಮುಖಾನೇ ನೋಡಿಲ್ಲ, ನನಗೇನು ಗೊತ್ತು?” ಎಂದರು ನಾಣಿ.

ಎಲ್ಲರ ಕಣ್ಣು ರಾಹುಲನ ಮೇಲೆ ಬಿತ್ತು. ಎಂಟೂ ಮುಕ್ಕಾಲು ಎಂಬ ಮಾತು ಅವನ ನಾಲಿಗೆಯ ಮೇಲಿತ್ತು. ಹೇಳಿದರೆ, ನೋಡಿಯೂ ಯಾಕೆ ಹೋದೆ ಎಂದು ಕೇಳುತ್ತಾರೆ. ಶುಭಾ ಕೇಳುತ್ತಾಳೆ. “ರಾತ್ರಿ ಮಲಗೋವಾಗ ಚೆನ್ನಾಗಿದ್ರು. ಬೆಳಿಗ್ಗೆ ನಾನು ಬೇಗ ಹೊರಗೆ ಹೋದೆ... ನೋಡಲಿಲ್ಲ” ಎಂದುಬಿಟ್ಟ.

ಡಾಕ್ಟರರ ಮುಖ ಸಪ್ಪಗಾಯಿತು. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಾತ್ರಿಯಿಂದ ಲೆಕ್ಕ ಹಿಡಿದರೆ ಆ ಹೊತ್ತು ಮೀರಿಹೋಗಿದೆ. ಈಗ ಕೊಟ್ಟರೆ ತಲೆಯೊಳಗೆ ರಕ್ತ ಸೋರಿ ಪ್ರಾಣಕ್ಕೇ ಅಪಾಯ ಎಂದರು. “ಯಾರಿಗಾದರೂ ನೆನಪಿದ್ದರೆ ಈಗಲೇ ಹೇಳಿ” ಎಂದು ಇನ್ನೊಮ್ಮೆ ಕೇಳಿದರು.

“ನೀರಿನ ಬಾಟ್ಲಿ ತರ್ತೀನಿ” ಎಂದು ರಾಹುಲ್ ಆಸ್ಪತ್ರೆಯ ಮೆಟ್ಟಿಲಿಳಿದು ಹೋದ!

ಅಲಮೇಲು ಬದುಕಿದಳು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಅಷ್ಟೇ. ಒಳಕೋಣೆಯ ಮಂಚದ ಮೇಲೆ ಮಲಗಿ, ಕಿಟಕಿಯ ಮೇಲೆ ತಗ್ಗಾಗಿ ಹಾರುವ ವಿಮಾನಗಳನ್ನು ನೋಡುತ್ತಿದ್ದಳು. ಬೆಳಿಗ್ಗೆ ಮೈ ಒರೆಸಿ ಬಟ್ಟೆ ಬದಲಿಸಲು ಗುರುಬಾಯಿ ಎಂಬ ವಿಜಯಪುರದ ಕಡೆಯ ಹೆಂಗಸು ಬರುತ್ತಿದ್ದಳು. ಉಳಿದದ್ದೆಲ್ಲ ಶುಭಾಳ ಪಾಲಿಗೆ.

ಇಷ್ಟಾದ ಮೇಲಾದರೂ ಆ ಮನೆ ಬದಲಾಯಿತೇ? ಇಲ್ಲ! ಕಾಫಿಗೆ ಬೈಯಲು ಹೆಂಡತಿ ಸಿಗದ ನಾಣಿ ಸೊಸೆಗೆ ಬೈದರು. ಮಂಚದ ಮೇಲಿನವಳು ಗಂಜಿ ಚೆಲ್ಲಿಕೊಂಡರೆ ಅವಳಿಗೂ ಬೈದರು. ರಾಹುಲ್ ಪ್ರತಿದಿನ ಬೆಳಿಗ್ಗೆ ಇವತ್ತು ಹೋಗುವುದಿಲ್ಲ ಎಂದು ತನಗೆ ತಾನೇ ಆಣೆ ಹಾಕಿಕೊಳ್ಳುತ್ತಿದ್ದ. ಪ್ರತಿದಿನ ಸಂಜೆ ಅಪ್ಪನ ಮೊದಲ ಕೂಗಿಗೇ ಮೆಟ್ಟಿಲ ಮೇಲಿರುತ್ತಿದ್ದ. ತನ್ನ ಕಾಲುಗಳನ್ನು ಕಂಡರೆ ಅವನಿಗೇ ಹೇಸಿಗೆಯಾಗುತ್ತಿತ್ತು. ಆದರೂ ಅವು ನಿಲ್ಲುತ್ತಿರಲಿಲ್ಲ.

ನಾಲ್ಕನೆಯ ತಿಂಗಳು ಶುಭಾ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬಿದಳು. “ಆಂಟಾಪ್ ಹಿಲ್‌ನಲ್ಲಿ ದೊಡ್ಡಮ್ಮನ ಮನೆಗೆ ಹೋಗ್ತೀನಿ. ಸೌಮ್ಯಾನೂ ಬರ್ತಾಳೆ.”

“ನಾನೇನು ಮಾಡ್ದೆ ಶುಭಾ? ಒಂದು ದಿನ ನಿನಗೆ ಬೈದಿದೀನಾ?”

“ಇಲ್ಲಾರೀ, ಬೈದಿಲ್ಲ. ಹೊಡೆದಿಲ್ಲ. ನೀವು ಇರೋದೇ ಇಲ್ಲ! ಹದಿನೇಳು ವರ್ಷದಲ್ಲಿ ನಾನು ಅಳೋವಾಗ ಒಂದು ಸಲ ಈ ಮನೇಲಿ ಇದ್ರಾ ನೀವು? ಅತ್ತೆನ ನೋಡ್ಕೊಳ್ಳೋಕೆ ಇನ್ನೊಬ್ಬ ಹೆಂಗಸು ಸಿಕ್ಕಿದ ತಕ್ಷಣ ನಾನು ಹೊರಟೆ.”

ಮರುದಿನ ಸಂಜೆ ಶುಭಾ ಔಷಧಿ ತರಲು ಹೋಗಿದ್ದಾಗ ಒಳಗಿನಿಂದ ನಾಣಿಯವರ ದನಿ ಏರಿತು. ಆಗಷ್ಟೇ ಕಚೇರಿಯಿಂದ ಬಂದು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ರಾಹುಲ್ ಹೊರಬಂದು, ಚಪ್ಪಲಿ ಮೆಟ್ಟಿ ಮೆಟ್ಟಿಲ ಕಡೆ ತಿರುಗಿದ. ಎರಡು ಮಹಡಿ ಇಳಿದವನು ತಟ್ಟನೆ ನಿಂತ. ಮೊದಲ ಮಹಡಿಯ ತಿರುವಿನಲ್ಲಿ, ಮೊಣಕಾಲಿಗೆ ಗಲ್ಲವೂರಿ, ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಸೌಮ್ಯಾ ಕೂತಿದ್ದಳು. ಹದಿನಾಲ್ಕರ ಹುಡುಗಿ. ತೊಡೆಯ ಮೇಲೆ ಖಾಲಿ ಚೀಲ.

“ಇಲ್ಲಿ ಏನ್ ಮಾಡ್ತಿದೀಯ ಪುಟ್ಟೀ?”

“ತಾತಾ ಚಿಲ್ಲಾ ರಹೇ ಥೇ ಪಪ್ಪಾ, ಜೋರಾಗಿ ಕೂಗ್ತಿದ್ರು... ಅದಕ್ಕೇ ಹಾಲು ತರೋಕೆ ಅಂತ ಬಂದೆ.” ಅವಳು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. “ನೀವೂ ಕೂತ್ಕೊಳಿ. ಟೆನ್ ಮಿನಿಟ್ಸ್‌ನಲ್ಲಿ ಚುಪ್ ಆಗ್ತಾರೆ.”

“ಹಾಗಾದ್ರೆ... ಮೇಲೆ ಅಜ್ಜಿ ಹತ್ರ ಯಾರಿದಾರೆ?”

ಸೌಮ್ಯಾ ಖಾಲಿ ಚೀಲವನ್ನು ಮುದ್ದೆ ಮಾಡಿದಳು. ತಲೆ ತಗ್ಗಿಸಿದಳು.

ಮಾತಿಲ್ಲದ ಅಮ್ಮ, ಏಳಲಾರದ ಅಮ್ಮ ಆ ದನಿಯೊಂದಿಗೆ ಒಬ್ಬಳೇ! ಮಗಳು ಜಾಗ ಮಾಡಿಕೊಟ್ಟ ಆ ಮೆಟ್ಟಿಲ ಮೇಲೆ ಕೂತುಬಿಡಬೇಕೆಂದು ಮೈಯೆಲ್ಲ ಬೇಡಿತು. ಅವನು ಕಟಾಂಜನ ಹಿಡಿದುಕೊಂಡ. ಒಂದು ಮೆಟ್ಟಿಲು ಹತ್ತಿದ. ಇನ್ನೊಂದು... ಎರಡು ಮಹಡಿ ಹತ್ತುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿತ್ತು.

ಒಳಕೋಣೆಯಲ್ಲಿ ಗಂಜಿ ಹಾಸಿಗೆಯ ಮೇಲೆ ಚೆಲ್ಲಿತ್ತು. ನಾಣಿ ಕೈ ಎತ್ತಿ ನಿಂತಿದ್ದರು. ಅಲಮೇಲು ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ರಾಹುಲ್ ಇಬ್ಬರ ನಡುವೆ ಹೋಗಿ ಮಂಚದ ಅಂಚಿನಲ್ಲಿ ಕೂತ.

“ನೀನ್ಯಾಕೋ ಬಂದೆ? ಹೋಗು ಹೊರಗೆ!”

“ಹೋಗಲ್ಲಪ್ಪ.”

“ಇದು ನನ್ನ ಮನೆ!”

“ಹೌದು. ನಿಮಗೆ ಎಷ್ಟು ಬೇಕೋ ಅಷ್ಟು ಕೂಗಿ. ಇಲ್ಲೇ ಕೂತು ಕೇಳ್ತೀನಿ. ಅಮ್ಮನ ಮೇಲೆ ಮಾತ್ರ ಕೈ ಎತ್ತಬೇಡಿ.”

ನಾಣಿ ಕೂಗಿದರು. ಹೇಡಿ ಎಂದರು, ಹೆಂಡತಿಯ ಗುಲಾಮ ಎಂದರು. ದನಿ ಒಡೆಯುವವರೆಗೆ ಕೂಗಿದರು. ಅಷ್ಟು ಹೊತ್ತಿಗೆ ಶುಭಾ, ಅವಳ ಹಿಂದೆಯೇ ಸೌಮ್ಯಾ ಬಂದು ಬಾಗಿಲಲ್ಲಿ ನಿಂತಿದ್ದರು. ಓಡಿಹೋಗದೆ ಕೂತವನಿಗೆ ಅಂದು ಮೊದಲ ಬಾರಿ ಒಂದು ಸಂಗತಿ ಅರ್ಥವಾಯಿತು: ಕೂತದ್ದು ಸಾಲದು. ಇನ್ನೊಂದು ಬಾಕಿಯಿದೆ.

“ಅಮ್ಮಾ,” ಎಂದ, “ಆವತ್ತು ನಾನು ನೋಡ್ದೆ. ಎಂಟೂ ಮುಕ್ಕಾಲಿಗೆ ನಿನ್ನ ಕೈಯಿಂದ ಲೋಟ ಬಿತ್ತು. ಬಾಯಿ ಸೊಟ್ಟಗಾಗಿತ್ತು. ನನ್ನನ್ನ ಕರೆದೆ ನೀನು. ನೋಡಿ, ಕೇಳಿ... ಹೊರಗೆ ಹೋದೆ. ಡಾಕ್ಟರು ಎರಡು ಸಲ ಕೇಳಿದ್ರು. ಸುಳ್ಳು ಹೇಳ್ದೆ.”

ಮೊದಲು ಚೀರಿದವಳು ಶುಭಾ.

“ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ನಲ್ಲಾರೀ! ನನ್ನ ಕಿವೀಲಿ ಹೇಳಿದ್ರೆ ಸಾಕಿತ್ತು... ನಾನು ಹೇಳ್ತಿದ್ದೆ ಅವರಿಗೆ! ಇಂಜೆಕ್ಷನ್ ಕೊಡ್ತಿದ್ರು! ಅಯ್ಯೋ, ಅತ್ತೆ ಮಾತಾಡ್ತಿದ್ರೇನೋ... ಎದ್ದು ಓಡಾಡ್ತಿದ್ರೇನೋ...”

“ಹೆತ್ತ ತಾಯಿ ಬಾಯಿ ಕಿತ್ಕೊಂಡೆಯಲ್ಲೋ ಪಾಪಿ!” ಎಂದರು ನಾಣಿ. ಆದರೆ ಆ ಮಾತು ಪೂರ್ತಿ ಆಗುವ ಮೊದಲೇ ಅವರ ಕಣ್ಣು ಹೆಂಡತಿಯ ಕಣ್ಣಿಗೆ ತಾಕಿತು. ಲೋಟ ಬಿದ್ದ ಸದ್ದನ್ನು ಕೇಳಿದವರು ಅವರೂ ಹೌದು. ಅದನ್ನು ನಾಟಕ ಎಂದವರು ಅವರೇ. ನಾಣಿ ಏನನ್ನೂ ಸೇರಿಸದೆ ಗೋಡೆ ಹಿಡಿದುಕೊಂಡು ಹೊರಕೋಣೆಗೆ ನಡೆದರು.

ಅಲಮೇಲು ಮಗನನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಎಡಗೈ ಊರಿ, ಕಷ್ಟಪಟ್ಟು, ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ಅಂದಿನಿಂದ ಅವನ ಕೈಯಿಂದ ಅವಳು ಏನನ್ನೂ ಮುಟ್ಟಲಿಲ್ಲ. ಶುಭಾ ಕೊಟ್ಟರೆ ಉಣ್ಣುವಳು, ಗುರುಬಾಯಿ ಕೊಟ್ಟರೆ ಉಣ್ಣುವಳು. ರಾಹುಲ್ ಚಮಚ ಹಿಡಿದರೆ ತುಟಿ ಬಿಗಿಯುವಳು. ಅವನು ಕಚೇರಿಗೆ ತಡವಾಗಿ ಹೋಗಲು ಅನುಮತಿ ಪಡೆದ. ಎರಡು ಹೊತ್ತೂ ಬಟ್ಟಲು ಹಿಡಿದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ನಾಣಿಯವರ ಕೂಗು ಕಡಿಮೆಯಾಗಿತ್ತೇ ಹೊರತು ನಿಂತಿರಲಿಲ್ಲ. ಅದು ಕೇಳಿದಾಗಲೆಲ್ಲ ಅವನ ಕಾಲು ಈಗಲೂ ಮಿಡುಕುತ್ತಿತ್ತು. ಎರಡು ಸಲ ಬಾಗಿಲವರೆಗೆ ಹೋಗಿ ಮರಳಿದ. ಒಮ್ಮೆ ಒಂದು ಮಹಡಿ ಇಳಿದೇ ಬಿಟ್ಟಿದ್ದ. ಅಲ್ಲಿಂದ ಮತ್ತೆ ಹತ್ತಿ ಬಂದು ಅದೇ ಕುರ್ಚಿಯಲ್ಲಿ ಕೂತ.

“ನಾನು ಇರ್ತೀನಿ,” ಎಂದು ಶುಭಾ ಒಂದು ದಿನ ಹೇಳಿದಳು. “ನಿಮಗೋಸ್ಕರ ಅಂತ ತಿಳ್ಕೋಬೇಡಿ. ಅತ್ತೆಗೋಸ್ಕರ.”

“ಹೂಂ” ಎಂದ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ತನಗಿಲ್ಲ ಎಂಬುದು ಅವನಿಗೆ ತಿಳಿದಿತ್ತು.

“ದಿನಾ ಯಾಕ ಹಿಂಗ ಕುಂದರ್ತೀರಿ ಸಾಹೇಬ್ರ?” ಗುರುಬಾಯಿಗೆ ತಡೆಯಲಾಗಲಿಲ್ಲ. “ಅವ್ವಾರು ನಿಮ್ಮ ಕೈಲಿ ಉಣ್ಣಂಗಿಲ್ಲ. ಇಪ್ಪತ್ತು ದಿನಾ ಆತು. ಬಟ್ಟಲಾ ನನ್ನ ಕೈಯಾಗ ಕೊಡ್ರಿ.”

“ಕೊಡ್ತೀನಿ. ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀನಿ.”

ಗುರುಬಾಯಿ ಒದ್ದೆ ಬಟ್ಟೆಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಗಂಜಿ ಆರುತ್ತಿತ್ತು. ರಾಹುಲ್ ಒಂದು ಚಮಚ ತುಂಬಿ ಅಮ್ಮನ ತುಟಿಯ ಬಳಿ ಹಿಡಿದ. ಕೈ ಸೋತಿತು, ಇಳಿಸಲಿಲ್ಲ. ಅಲಮೇಲು ಅವನ ಕಡೆ ನೋಡಲಿಲ್ಲ, ನಗಲಿಲ್ಲ, ಕಣ್ಣಲ್ಲಿ ನೀರೂ ತರಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಬಾಯಿಯನ್ನು ತುಸು ತೆರೆದಳು.

ಅರ್ಧ ಒಳಗೆ ಹೋಯಿತು, ಅರ್ಧ ಬಲಗಡೆಯ ತುಟಿಯಿಂದ ಗಲ್ಲಕ್ಕೆ ಇಳಿಯಿತು. ಅವನು ಅದನ್ನು ಒರೆಸಿ, ಮುಂದಿನ ಚಮಚ ತುಂಬಿದ.