ಹಾದಿ ಹೇಳುವ ಟೋಬೊ

ಟಿವಿಯಲ್ಲಿ ನೀಲಿ ಕೋಟು ತೊಟ್ಟ ಹೆಂಗಸು ಮೇಜಿಗೆ ಮುಚ್ಚಿದ್ದ ಬಟ್ಟೆ ಸರಿಸಿದಳು. ವೇದಿಕೆಯ ನಡುವೆ, ಮೇಜಿನ ಮೇಲೆ, ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಬಿಳಿ ಪೆಟ್ಟಿಗೆ ಕೂತಿತ್ತು.

"ಟೋಬೊ ಟೂ," ಎಂದಳು ಹುಸ್ನಾ ಮೆಲ್ಲಗೆ.

"ಇಷ್ಟ ಅದ ಏನು?" ಪಕ್ಕದಲ್ಲಿ ಕೂತಿದ್ದ ಋತುಜಾ ಮುಂದಕ್ಕೆ ಬಾಗಿದಳು. "ನಮ್ಮ ಹಳೇ ಟೋಬೊನ ಇದಕ್ಕಿಂತ ದೊಡ್ಡದದ."

"ಸಣ್ಣದಿದ್ರೂ ಫಾಸ್ಟ್ ಐತಿ. ಸುಮ್ಕಿರು, ಮುಂದ ಹೇಳ್ತಾರ."

ಬಾಗಿಲ ಬಳಿ ಋತುಜಾಳ ಅಜ್ಜಿ ಕಾಶೀಬಾಯಿ ಬಟಾಣಿ ಸುಲಿಯುತ್ತಿದ್ದರು. "ಅಷ್ಟು ಸಣ್ಣ ಡಬ್ಬಿ ತೋರಿಸ್ಲಿಕ್ಕೆ ಇಷ್ಟು ದೊಡ್ಡ ಸ್ಟೇಜ್ ಯಾಕ ಕಟ್ಯಾರ?" ಎಂದು ಕೇಳಿದರು. ಇಬ್ಬರ ಕಣ್ಣೂ ಟಿವಿಯಲ್ಲೇ ಇತ್ತು.

ಟೋಬೊ ಎಂದರೆ ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಯಂತ್ರ. ಹಳೆಯ ಟೋಬೊ ಹುಬ್ಬಳ್ಳಿಯ ದೇಶಪಾಂಡೆ ನಗರದ ಋತುಜಾಳ ಮನೆಯಲ್ಲಿ ಎರಡು ವರ್ಷದಿಂದ ಇದೆ. ಕಮರಿಪೇಟೆಯ ಹುಸ್ನಾಳ ಮನೆಯಲ್ಲಿ ಇಲ್ಲ. ಆದರೂ ಆರನೇ ಕ್ಲಾಸಿನಲ್ಲಿ ಟೋಬೊದ ದೊಡ್ಡ ಫ್ಯಾನ್ ಯಾರೆಂದು ಕೇಳಿದರೆ ಎಲ್ಲರೂ ಹುಸ್ನಾಳ ಕಡೆಗೇ ಬೆರಳು ಮಾಡುತ್ತಾರೆ.

ಅವರಿಬ್ಬರೂ ಆಡುವ ಆಟದ ಹೆಸರು ಲೂಮಾ. ಅದು ಗುಡ್ಡದ ಮೇಲಿನ ಒಂದು ಊರು. ಊರ ತುಂಬ ಓಣಿಗಳು. ಹಳದಿ ವ್ಯಾನಿನಲ್ಲಿ, ಹೇಳಿದ ಹೊತ್ತಿಗೆ, ಮನೆಮನೆಗೆ ಪಾರ್ಸಲ್ ಮುಟ್ಟಿಸಬೇಕು. ಋತುಜಾಳ ಬೆರಳು ಚುರುಕು. ಇಕ್ಕಟ್ಟಾದ ಓಣಿಯಲ್ಲೂ ವ್ಯಾನನ್ನು ಗೋಡೆಗೆ ತಾಗಿಸದೆ ಓಡಿಸುತ್ತಾಳೆ. ಆದರೆ ಯಾವ ಓಣಿಗೆ ಹೋಗಬೇಕು ಎಂಬುದು ಮಾತ್ರ ಅವಳಿಗೆ ತಿಳಿಯುವುದಿಲ್ಲ.

ಹುಸ್ನಾಳದು ಉಲ್ಟಾ. ಮೊದಲ ವಾರ ಅವಳು ಓಡಿಸಿದಾಗ ವ್ಯಾನ್ ಮೂರು ಸಲ ಕೆರೆಗೆ ಬಿದ್ದಿತ್ತು. ಹಾದಿ ಮಾತ್ರ ಅವಳಿಗೆ ಒಮ್ಮೆ ನೋಡಿದರೆ ಸಾಕು, ಮರೆಯುವುದಿಲ್ಲ. ಅವಳ ಅಬ್ಬಾ ಖಾದರಬಾಷಾ ಫ್ರಿಜ್ ರಿಪೇರಿ ಮಾಡುತ್ತಾರೆ. ರಜೆಯ ದಿನ ಅವರ ಸ್ಕೂಟರಿನ ಹಿಂದೆ ಕೂತು ಅವಳು ಹುಬ್ಬಳ್ಳಿಯ ಎಷ್ಟೋ ಓಣಿಗಳನ್ನು ಸುತ್ತಿದ್ದಾಳೆ.

ಹಾಗಾಗಿ ಕೆಲಸ ತಾನಾಗಿಯೇ ಹಂಚಿಹೋಗಿತ್ತು. ಕಂಟ್ರೋಲರ್ ಋತುಜಾಳ ಕೈಯಲ್ಲಿ. ಹಾದಿ ಹುಸ್ನಾಳ ಬಾಯಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನ ಹುಸ್ನಾ ಬರದೆ ವ್ಯಾನ್ ಹೊರಡುತ್ತಿರಲಿಲ್ಲ. ಇವತ್ತು ಶುಕ್ರವಾರ. ಹೊಸ ಟೋಬೊ ನೋಡಲೆಂದೇ ಅವಳು ಸಂಜೆ ಬಂದಿದ್ದಳು.

ಟಿವಿಯಲ್ಲಿ ಹೊಸ ಲೂಮಾ ಕಾಣಿಸಿತು. ಊರು ಮೊದಲಿಗಿಂತ ದೊಡ್ಡದಾಗಿತ್ತು. ನಡುಬೀದಿಯಲ್ಲಿ ಟ್ರಾಮ್ ಓಡುತ್ತಿತ್ತು. ಬೇಕರಿಯ ಗಾಜಿನ ಹಿಂದೆ ಬನ್ನುಗಳು ಕೂಡ ಕಾಣುತ್ತಿದ್ದವು. ಹುಸ್ನಾ ಒಂದು ವರ್ಷದಿಂದ ಇದಕ್ಕಾಗಿ ಕಾದಿದ್ದಳು. ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಇತ್ತು.

"ಇನ್ನೊಂದು ದೊಡ್ಡ ಸುದ್ದಿ ಇದೆ," ಎಂದಳು ನೀಲಿ ಕೋಟಿನ ಹೆಂಗಸು ಇಂಗ್ಲಿಷಿನಲ್ಲಿ. "ಇದರ ಹೆಸರು ಪೈಲಟ್."

ಲೂಮಾದ ರಸ್ತೆಯ ಮೇಲೆ ಒಂದು ನೀಲಿ ಗೆರೆ ಮೂಡಿತು. ವ್ಯಾನ್ ಅದರ ಮೇಲೇ ಓಡಿತು. ಮುಂದಿನ ತಿರುವಿನಲ್ಲಿ ಎಡಕ್ಕೆ ಹೋಗಿ ಎಂದು ಒಂದು ದನಿ ಹೇಳಿತು. ಆಮೇಲೆ ಬಲಕ್ಕೆ ಎಂದಿತು. ಪೈಲಟ್ ಇದ್ದರೆ ಇನ್ನು ಯಾರೂ ದಾರಿ ತಪ್ಪುವುದಿಲ್ಲ ಎಂದು ಹೆಂಗಸು ಹೇಳಿದಾಗ ಅಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿದರು.

ಋತುಜಾಳೂ ತಟ್ಟಿದಳು. "ಕೇಳಿದ್ಯಾ? ಇನ್ನ ನಾ ಎಲ್ಲೂ ಹಾದಿ ತಪ್ಪೂದಿಲ್ಲ ನೋಡು."

ಹುಸ್ನಾಳೂ ತಟ್ಟಿದಳು. ಸ್ವಲ್ಪ ತಡವಾಗಿ.

ಅಷ್ಟರಲ್ಲಿ ಋತುಜಾಳ ಪಪ್ಪಾ ಹೆಲ್ಮೆಟ್ ಹಿಡಿದುಕೊಂಡು ಒಳಗೆ ಬಂದರು. ಅವಳು ಅವರ ಕೈ ಹಿಡಿದು ಟಿವಿಯ ಮುಂದೆ ನಿಲ್ಲಿಸಿ, ಹೊಸ ಟೋಬೊ ಬೇಕೆಂದಳು.

"ಈ ಸಲ ಛಲೋ ಮಾರ್ಕ್ಸ್ ತಗಿ. ನೋಡೋಣು," ಎಂದರು ಪಪ್ಪಾ.

"ನಮ್ಮ ಪಪ್ಪಾ ನೋಡೋಣು ಅಂದ್ರ ಹೂಂ ಅಂದಂಗ," ಎಂದು ಋತುಜಾ ಹುಸ್ನಾಳ ಕಿವಿಯಲ್ಲಿ ಹೇಳಿದಳು.

ಮರುದಿನ ಶನಿವಾರ, ಮುಂಜಾನೆಯ ಸಾಲೆ. ಬಿಡುವಿನಲ್ಲಿ ನಲ್ಲಿಯ ಹತ್ತಿರ ಮಕ್ಕಳು ಹುಸ್ನಾಳನ್ನು ಸುತ್ತುವರಿದರು. ಅವಳ ಕ್ಲಾಸಿನ ಮಿಲಿಂದ ಅವಳಿಗೆ 'ಟೋಬೊ ಪೇಪರ್' ಎಂದು ಹೆಸರಿಟ್ಟಿದ್ದ. ಅದರಲ್ಲಿ ಚೇಷ್ಟೆಯೂ ಇತ್ತು, ಮರ್ಯಾದೆಯೂ ಇತ್ತು. ಹುಸ್ನಾ ಗಾಳಿಸುದ್ದಿ ಹೇಳುವವಳಲ್ಲ. ಕಂಪನಿ ಹೇಳಿದ್ದು ಯಾವುದು, ಮಂದಿ ಆಡಿಕೊಂಡದ್ದು ಯಾವುದು ಎಂದು ಬೇರೆ ಮಾಡಿಯೇ ಹೇಳುತ್ತಿದ್ದಳು.

"ಹೇಳವಾ ಪೇಪರ್, ಇವತ್ತಿನ ಹೆಡ್‌ಲೈನ್ ಏನು?" ಎಂದು ಮಿಲಿಂದ ಕೇಳಿದ.

"ಮುಂದಿನ ವರ್ಷ ಬರತೈತಿ. ಯಾವ ತಿಂಗಳ ಅಂತ ಹೇಳಿಲ್ಲ. ರೇಟೂ ಹೇಳಿಲ್ಲ. ಹೊಸ ಲೂಮಾ ಐತಿ, ಟ್ರಾಮ್ ಐತಿ. ಹಳೇ ಆಟಾನೂ ಇದರಾಗ ನಡೀತಾವು."

"ನಡ್ಯೂದಿಲ್ಲ ಅಂತ ನಮ್ಮಣ್ಣ ಅಂದ."

"ನಿಮ್ಮಣ್ಣ ಟೋಬೊ ಕಂಪನ್ಯಾಗ ಮ್ಯಾನೇಜರ್ ಅದಾನೇನು?"

ಎಲ್ಲರೂ ನಕ್ಕರು. ಮಿಲಿಂದನೂ ನಕ್ಕ. "ಆತು, ಮುಂದ?"

"ಅಷ್ಟ."

"ಅಷ್ಟ ಅಂದ್ರ ಹೆಂಗ?" ಎಂದಳು ಋತುಜಾ. "ಪೈಲಟ್ ಬಿಟ್ಟೆಲ್ಲ ನೀ." ನೀಲಿ ಗೆರೆ, ಹಾದಿ ಹೇಳುವ ದನಿ, ಎಲ್ಲವನ್ನೂ ಅವಳೇ ಕೈ ಆಡಿಸುತ್ತ ವಿವರಿಸಿದಳು.

"ಹಂಗಾದ್ರ ಹುಸ್ನಾ ರಿಟೈರ್ ಆದ್ಲು," ಎಂದ ಮಿಲಿಂದ. "ಹಾರ ತರ್ರಿ. ಶಾಲು ಹೊದಸ್ರಿ. ಎರಡು ಮಾತು ಆಡ್ರಿ ಮೇಡಂ."

ಈ ಸಲ ಇನ್ನೂ ಜೋರಾಗಿ ನಗು ಎದ್ದಿತು. ಋತುಜಾಳೂ ನಕ್ಕಳು. ಹುಸ್ನಾಳೂ ನಗಲು ನೋಡಿದಳು. ಬಾಯಿಂದ ನಗುವಿನ ಬದಲು ಮಾತು ಬಂತು.

"ಪೈಲಟ್ ತಪ್ಪು ಹಾದಿ ಹೇಳತೈತಂತ. ಟೆಸ್ಟ್ ಮಾಡಿದವರು ಬರದಾರ. ವ್ಯಾನ್ ಒಯ್ದು ಸೀದಾ ಕೆರ್ಯಾಗ ಕೆಡವತೈತಂತ."

"ಖರೇನ? ಎಲ್ಲಿ ಓದೀದಿ?"

"ಓದೇನಿ ಒಂದ್ ಕಡೆ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಮಿಲಿಂದ ಸುಮ್ಮನೆ ಬಿಡುತ್ತಿರಲಿಲ್ಲ. ಹೇಳಿದವಳು ಹುಸ್ನಾ. "ಹಂಗಾದ್ರ ಡಬ್ಬಾ ಬಿಡು ಅದು," ಎಂದು ಒಪ್ಪಿಕೊಂಡ. ಸಾಲೆ ಬಿಡುವ ಹೊತ್ತಿಗೆ ಐದನೇ ಕ್ಲಾಸಿನ ಹುಡುಗರೂ ಅದನ್ನೇ ಹೇಳುತ್ತಿದ್ದರು. ಅವರ ಬಾಯಲ್ಲಿ ಕೆರೆ ಸಮುದ್ರವಾಗಿತ್ತು.

ಗೇಟಿನ ಹತ್ತಿರ ಋತುಜಾ ಹುಸ್ನಾಳ ಬ್ಯಾಗು ಹಿಡಿದು ನಿಲ್ಲಿಸಿದಳು. "ಛಲೋ ಆತು ನೀ ಹೇಳಿದ್ದು. ಟೋಬೊ ಟೂ ಬ್ಯಾಡ, ಸೈಕಲ್ ಕೊಡಸ್ರಿ ಅಂತ ಪಪ್ಪಾಗ ಹೇಳ್ತೀನಿ. ನಮಗ ನಮ್ಮ ಹಳೇದ ಸಾಕು."

ನಮ್ಮ ಹಳೇದು. ಹುಸ್ನಾಗೆ ಬೇಕಾದದ್ದು ಅದೇ. ಅವಳಿಗೆ ಖುಷಿಯಾಯಿತು. ಆ ಖುಷಿ ಮನೆಯ ಹಾದಿಯಲ್ಲಿ ದುರ್ಗದಬೈಲ್ ತನಕ ಅವಳ ಜೊತೆ ಬಂತು, ಮುಂದೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅಬ್ಬಾ ಧಾರವಾಡಕ್ಕೆ ಹೊರಟರು. ಅಲ್ಲಿ ಯಾರದೋ ಮನೆಯ ಫ್ರಿಜ್ ತಣ್ಣಗಾಗುತ್ತಿರಲಿಲ್ಲ. ಹುಸ್ನಾ ಸಾಮಾನಿನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಹೊಸ ಬಡಾವಣೆ. ಇಬ್ಬರೂ ಆ ಕಡೆ ಹೋದವರಲ್ಲ. ಅಬ್ಬಾರ ಅಂಗಿಯ ಜೇಬಿನಲ್ಲಿದ್ದ ಫೋನು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿತ್ತು. ಅಬ್ಬಾ ಹಾಗೇ ತಿರುಗಿಸುತ್ತಿದ್ದರು.

"ಅಬ್ಬಾ, ಹಾದಿ ಹೇಳಾಕ ಫೋನ್ ಐತಿ. ಮತ್ತ ನನ್ನ ಯಾಕ ಕರಕೊಂಡು ಬರ್ತೀರಿ?"

"ಬ್ಯಾಗ್ ಹಿಡ್ಯಾಕ."

"ಅಷ್ಟನ?"

"ಯಾಕ, ಬ್ಯಾಗ್ ಹಗರ ಐತೇನು?"

ಹಗುರವಿರಲಿಲ್ಲ. ಹುಸ್ನಾ ಬೇರೆ ಏನೋ ಉತ್ತರ ಬರುತ್ತದೆಂದು ಕಾದಳು. ಅಬ್ಬಾ ಹಂಪ್ ನೋಡಿ ಸ್ಕೂಟರ್ ನಿಧಾನ ಮಾಡಿದರು, ಅಷ್ಟೇ.

ಮನೆ ಸಿಕ್ಕಿತು. ಫೋನು ಒಂದು ಸಲವೂ ತಪ್ಪಿರಲಿಲ್ಲ. ನಿನ್ನೆ ತಾನು ಹೇಳಿದ್ದು ಸುಳ್ಳು ಎಂದು ಹುಸ್ನಾಗೆ ಮೊದಲೇ ಗೊತ್ತಿತ್ತು. ಈಗ ಇನ್ನಷ್ಟು ಗೊತ್ತಾಯಿತು.

ಮಧ್ಯಾಹ್ನ ಅವಳು ದೇಶಪಾಂಡೆ ನಗರಕ್ಕೆ ಹೋದಾಗ ಋತುಜಾ ಆಗಲೇ ಟಿವಿ ಹಚ್ಚಿ ಕಾಯುತ್ತಿದ್ದಳು. "ಬಾ ಲಗೂ. ಪಪ್ಪಾ ಸೈಕಲ್‌ಗೆ ಒಪ್ಪ್ಯಾರ. ಆಮ್ಯಾಲೆ ಮನಸ್ಸು ಬದಲಾಯಿಸಬಾರದು, ಸಂಜೀಕೆ ಪಕ್ಕಾ ಹೇಳು ಅಂದಾರ."

ಹುಸ್ನಾ ಕೂತಳು. ವ್ಯಾನ್ ಹೊರಟಿತು. ಸೇತುವೆಯ ಹತ್ತಿರ ಬಂದಾಗಲೂ ಅವಳು ಹಾದಿ ಹೇಳಲಿಲ್ಲ.

"ಏ, ಎಲ್ಲಿ ಹೋಗಬೇಕು? ಹೇಳು ಲಗೂ."

"ಪೈಲಟ್ ತಪ್ಪು ಹೇಳತೈತಿ ಅಂತ ಎಲ್ಲೂ ಬಂದಿಲ್ಲ," ಎಂದಳು ಹುಸ್ನಾ. "ನಾನ ಹುಟ್ಟಿಸಿ ಹೇಳಿದ್ದು."

ಋತುಜಾ ಆಟ ನಿಲ್ಲಿಸಿದಳು. ವ್ಯಾನ್ ಸೇತುವೆಯ ಮೇಲೆ ಹಾಗೇ ನಿಂತಿತು.

"ಯಾಕ?"

ಹುಸ್ನಾ ಸೋಫಾದ ಅಂಚಿನ ದಾರ ಎಳೆದಳು. "ಅದು ಬಂದ್ರ ನಾ ಇಲ್ಲಿ ಕೂತು ಏನ್ ಮಾಡ್ಲಿ?"

ಋತುಜಾ ಯೋಚಿಸಿದಳು. ಹಾಗೇನೂ ಆಗುವುದಿಲ್ಲ ಎಂದು ಥಟ್ಟನೆ ಹೇಳಲಿಲ್ಲ. ಹೇಳಿದ್ದರೆ ಹುಸ್ನಾ ನಂಬುತ್ತಲೂ ಇರಲಿಲ್ಲ.

"ನನಗ ಗೊತ್ತಿಲ್ಲ," ಎಂದಳು ಕೊನೆಗೆ. "ಆದ್ರ ಸಿಟ್ಟು ಬಂದದ. ಸೈಕಲ್ ಕಲರ್ ಸೈತ ಆರಿಸಿದ್ದೆ ನಾ."

"ನಾಳೆ ಸಾಲ್ಯಾಗ ಎಲ್ಲಾರಿಗೂ ಖರೇ ಹೇಳ್ತೇನಿ."

"ಮಿಲಿಂದ ಬಿಡ್ತಾನೇನು?"

"ಬಿಡೂದಿಲ್ಲ."

"ಏಳನೇ ಕ್ಲಾಸ್ ಮುಗಿಯೂತನಕ ಕಾಡ್ತಾನ."

"ಗೊತ್ತೈತಿ."

ಋತುಜಾ ಕಂಟ್ರೋಲರನ್ನು ಸೋಫಾದ ಮೇಲೆ ಇಟ್ಟಳು.

"ಈಗ ಪಪ್ಪಾಗ ಏನ್ ಹೇಳ್ಲಿ ನಾ?" ಎಂದು ಋತುಜಾ ಕೇಳಿದಳು. "ನಿನಗರೆ ಬೇಕೇನು ಟೋಬೊ ಟೂ?"

"ಬೇಕು. ಆ ಟ್ರಾಮ್ ನೋಡಿದ್ಯಲ್ಲ, ರಾತ್ರಿ ಕನಸಿನ್ಯಾಗೂ ಬಂದಿತ್ತು." ಹುಸ್ನಾ ದಾರ ಬಿಟ್ಟಳು. "ಬರೂದು ಬ್ಯಾಡ ಅಂತನೂ ಅನಸ್ತೈತಿ. ಆದ್ರ ನೀ ನನ್ನ ಮಾತು ಹಿಡದು ಬಿಡಬ್ಯಾಡ. ಅದು ಛಲೋನ ಐತಿ."

ಕಾಶೀಬಾಯಿ ಅಜ್ಜಿ ಹಚ್ಚಿದ ಅವಲಕ್ಕಿಯ ಎರಡು ತಾಟು ತಂದರು. ಟಿವಿಯ ಕಡೆ ನೋಡಿದರು. "ಯಾಕ, ಗಾಡಿ ಕೆಟ್ಟದೇನು?"

"ಇಲ್ಲ ಅಜ್ಜಿ."

"ಮತ್ತ ಮಾರಿ ಯಾಕ ಹಂಗ ಮಾಡೀರಿ? ತಿನ್ರಿ ಮೊದ್ಲ."

ಋತುಜಾ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಂಟ್ರೋಲರನ್ನು ಹುಸ್ನಾಳ ಕಡೆ ಸರಿಸಿದಳು. "ನೀ ಓಡಸು."

"ನನಗ ಬರೂದಿಲ್ಲ."

"ಗೊತ್ತದ. ಓಡಸು. ನಾ ಹಾದಿ ಹೇಳ್ತೀನಿ."

"ನಿನಗ ಹಾದಿ ಗೊತ್ತಿಲ್ಲ."

"ಅದೂ ಗೊತ್ತದ. ನನಗ ಸಿಟ್ಟು ಬಂದದ ಅಂದ್ನಿಲ್ಲ? ಇವತ್ತ ನಾ ಹೇಳಿದಂಗ ಕೇಳು."

ಹುಸ್ನಾ ಕಂಟ್ರೋಲರ್ ಹಿಡಿದಳು. ಅದು ಬೆಚ್ಚಗಿತ್ತು. ವ್ಯಾನ್ ಜಿಗಿದು ಸೇತುವೆಯ ಕಂಬಿಗೆ ಬಡಿಯಿತು. ಮತ್ತೆ ಇನ್ನೊಂದು ಕಂಬಿಗೆ.

"ಒತ್ತಿ ಹಿಡೀಬ್ಯಾಡ. ಮೆತ್ತಗ. ಬ್ರೇಕ್, ಬ್ರೇಕ್," ಎಂದಳು ಋತುಜಾ, ಬಾಯಿ ತುಂಬ ಅವಲಕ್ಕಿ. "ಈಗ ಸೀದಾ. ಹಾಂ, ಹಂಗ. ಆ ಮುದುಕನ್ನ ಬಿಟ್ಟು ಹೋಗು."

ಮುದುಕ ಪಾರಾದ. ಎರಡು ಹೂವಿನ ಕುಂಡ ಉರುಳಿದವು. ವ್ಯಾನ್ ಸೇತುವೆ ದಾಟಿತು. ಮುಂದೆ ಹಿಟ್ಟಿನ ಗಿರಣಿ, ಅಲ್ಲಿ ಕೂಡು ರಸ್ತೆ. ಪಾರ್ಸಲ್ ಮುಟ್ಟಿಸಲು ಹೆಚ್ಚು ಹೊತ್ತು ಉಳಿದಿರಲಿಲ್ಲ.

ಎಡಕ್ಕೆ ಹೋಗಬೇಕು. ಎಡಕ್ಕೆ ಹೋದರೆ ಎರಡನೇ ಮನೆಯೇ. ಹುಸ್ನಾಗೆ ಅದು ಕಣ್ಣು ಮುಚ್ಚಿದರೂ ಗೊತ್ತು. ಪೈಲಟ್ ಇದ್ದಿದ್ದರೂ ಎಡಕ್ಕೇ ಎನ್ನುತ್ತಿತ್ತು.

"ಬಲಕ್ಕ," ಎಂದಳು ಋತುಜಾ. "ಪಕ್ಕಾ ಬಲಕ್ಕ."

ಹುಸ್ನಾ ಓರೆಗಣ್ಣಿನಿಂದ ನೋಡಿದಳು. ಋತುಜಾ ಸೋಫಾದ ತುದಿಗೆ ಬಂದು ಕೂತಿದ್ದಳು. ಕೈಯಲ್ಲಿದ್ದ ಅವಲಕ್ಕಿ ಬಾಯಿಗೆ ಹೋಗುವುದನ್ನು ಮರೆತಿತ್ತು. ಲೂಮಾ ಊರನ್ನು ತಾನೇ ಕಟ್ಟಿಸಿದವಳ ಹಾಗೆ ಬಲಗಡೆ ಬೆರಳು ಮಾಡಿದ್ದಳು.

ಹುಸ್ನಾ ಬಲಕ್ಕೆ ತಿರುಗಿಸಿದಳು.

ಓಣಿ ಕಿರಿದಾಗುತ್ತ ಹೋಯಿತು. ಎರಡೂ ಕಡೆ ಬಟ್ಟೆ ಒಣಹಾಕಿದ್ದರು. ಎದುರಿಗೆ ದೊಡ್ಡ ಕಲ್ಲಿನ ಗೋಡೆ ಬಂತು. ವ್ಯಾನ್ ಅದಕ್ಕೆ ಮೆಲ್ಲಗೆ ಮೂಗು ತಾಗಿಸಿ ನಿಂತಿತು.

"ಅಯ್ಯ, ಇಲ್ಲಿ ಗೋಡೆ ಅದಲ್ಲ," ಎಂದಳು ಋತುಜಾ.

"ಐತಿ," ಎಂದಳು ಹುಸ್ನಾ. ಸೋಫಾದಲ್ಲಿ ಕಾಲು ಮೇಲೆ ಮಡಚಿ ಸರಿಯಾಗಿ ಕೂತಳು. "ಈಗ ಹೇಳು, ಯಾವ ಕಡೆ?"