ಬೆಳ್ಳಿ ಬಣ್ಣದ ಕಾರಿನ ಮುಚ್ಚಳ

ಹಳೇ ಸಣ್ಣ ಕಾರಿನ ಹೆಡ್‌ಲೈಟಿಗೆ ಶಿವಮೊಗ್ಗದಲ್ಲಿ ಸಾವಿರದೈನೂರು ರೂಪಾಯಿ. ಬಿದಿರಿನ ಬುಟ್ಟಿಗೆ ಇನ್ನೂರು. ಅದರ ತುಂಬ ಸೇವಂತಿಗೆ ಇದ್ದರೆ ಇನ್ನೊಂದು ಮುನ್ನೂರು ಹಿಡಿಯಿರಿ. ಕಮ್ಮರಡಿಯ ತಿರುವಿನಲ್ಲಿ ಆ ಮುಂಜಾನೆ ಒಡೆದು ಚೆಲ್ಲಿದ್ದ ಸಾಮಾನು ಇಷ್ಟೇ. ಪಕ್ಕದ ಚರಂಡಿಯಲ್ಲಿ ಹೂ ಮಾರುವ ಕರಿಯಕ್ಕ ಬಿದ್ದಿದ್ದಳು. ಗುದ್ದಿದ ಗಾಡಿ ನಿಂತಿರಲಿಲ್ಲ.

ಕೊಪ್ಪ ಠಾಣೆಯ ಎಎಸ್‌ಐ ವನಜಮ್ಮ ಬರುವಷ್ಟರಲ್ಲಿ ಕರಿಯಕ್ಕನ ಮೈ ತಣ್ಣಗಾಗಿತ್ತು. ವನಜಮ್ಮ ಮೊದಲು ಅವಳ ಸೆರಗು ಸರಿ ಮಾಡಿದರು. ಆಮೇಲೆ ಲೈಟಿನ ಚೂರುಗಳನ್ನು ಒಂದೊಂದಾಗಿ ಆರಿಸಿದರು.

"ದಾರೀಲಿ ನನ್ನೆದುರಿಗೆ ಬಂದದ್ದು ಬೆಳ್ಳಿ ಬಣ್ಣದ ಸಣ್ಣ ಕಾರು ಮೇಡಂ," ಡೈರಿಗೆ ಹಾಲು ಒಯ್ಯುತ್ತಿದ್ದವನೊಬ್ಬ ಹೇಳಿದ. "ಒಂದೇ ಲೈಟ್ ಉರೀತಿತ್ತು. ನಂಬರ್ ಕಾಣ್ಲಿಲ್ಲ."

ಒಂಟಿ ಲೈಟಿನ ಬೆಳ್ಳಿ ಕಾರು ಅಂದರೆ ಕೊಪ್ಪದಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು. ಬಾಡಿಗೆ ಓಡಿಸುವ ಸಕ್ಲೇನ್.

*

"ನಾನಲ್ಲ ವನಜಕ್ಕ," ಠಾಣೆಯಲ್ಲಿ ಸಕ್ಲೇನ್ ಹೇಳಿದ. "ಆ ಲೈಟು ಮಳೆಗಾಲಕ್ಕೆ ಮುಂಚೆನೇ ಹೋಗಿದೆ. ಅಡಿಕೆ ತುಂಬಿದ ಪಿಕಪ್ ರಿವರ್ಸ್ ಬಂದು ಗುದ್ದಿದ್ದು."

"ಬೆಳಗಿನ ಜಾವ ಎಲ್ಲಿದ್ದೆ?" ಪಿಎಸ್‌ಐ ರಶ್ಮಿ ಕೇಳಿದರು.

"ಶೃಂಗೇರಿಗೆ ಯಾತ್ರಿಕರನ್ನ ಬಿಟ್ಟು ವಾಪಸ್ ಬರ್ತಿದ್ದೆ."

"ಜೊತೆಗೆ ಯಾರಿದ್ರು?"

"ಖಾಲಿ ಗಾಡಿ ಮೇಡಂ. ಯಾರಿರ್ತಾರೆ?"

ಕಾರು ಠಾಣೆಯ ಅಂಗಳ ಸೇರಿತು. ಸಕ್ಲೇನ್ ಜಾಮೀನಿನ ಮೇಲೆ ಮನೆ ಸೇರಿದ. ಆ ರಾತ್ರಿಯೇ ಯಾರೋ ಅವನ ಮನೆ ಹೆಂಚಿಗೆ ಕಲ್ಲೆಸೆದರು. ಮರುದಿನ ಅವನ ತಾಯಿ ಬದರುನ್ನೀಸಾ ಠಾಣೆಗೆ ಬಂದು ಬೆಂಚಿನ ತುದಿಯಲ್ಲಿ ಕೂತರು.

"ಗಾಡಿ ಓಡ್ಸೋದು ಬಿಟ್ರೆ ಅವನಿಗೆ ಬೇರೆ ಎಂತದೂ ಬರಲ್ಲ ವನಜಮ್ಮ. ಲೈಸೆನ್ಸ್ ಹೋದ್ರೆ ಎಂತ ಮಾಡೋದು?"

ವನಜಮ್ಮ ಎದ್ದರು. ಅಂಗಳಕ್ಕೆ ಹೋಗಿ ಸಕ್ಲೇನನ ಕಾರಿನ ಒಡೆದ ಲೈಟಿನೊಳಗೆ ಬೆರಳು ಹಾಕಿದರು. ಬೆರಳು ಹಸಿರಾಯಿತು. ಅದನ್ನು ರಶ್ಮಿಗೆ ತೋರಿಸಿದರು.

"ನೋಡಿ ಮೇಡಂ, ಪಾಚಿ. ಒಂದಿಡೀ ಮಳೆಗಾಲ ಕುಡಿದ ಲೈಟು ಇದು. ಮೊನ್ನೆ ಒಡೆದದ್ದಲ್ಲ."

"ಪಾಚಿ ಕೋರ್ಟಲ್ಲಿ ಸಾಕ್ಷಿ ಹೇಳುತ್ತಾ ವನಜಮ್ಮ?"

"ಅಲ್ಲಿ ಹೇಳಲ್ಲ. ನನಗೆ ಹೇಳ್ತು."

ರಶ್ಮಿ ನಗಲಿಲ್ಲ. "ಚಾರ್ಜ್‌ಶೀಟ್ ಈ ವಾರ ಹೋಗಬೇಕು. ಅಷ್ಟರೊಳಗೆ ಬೇರೆ ಕಾರು ಹುಡುಕಿ ಕೊಡಿ."

*

ಚೂರುಗಳು ಯಾವ ಕಾರಿನವು ಎಂದು ಗ್ಯಾರೇಜಿನವರು ನೋಡಿದೊಡನೆ ಹೇಳಿದ್ದರು. ಸಕ್ಲೇನನದೂ ಅದೇ ಮಾಡೆಲ್, ಆದರೆ ಅವನ ಲೈಟಿನ ಗಾಜು ಪೂರ್ತಿ ಉದುರಿದ್ದರಿಂದ ಚೂರು ಜೋಡಿಸಿ ನೋಡುವಂತಿರಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತ ಅಂಥ ಬೆಳ್ಳಿ ಬಣ್ಣದವು ಹೆಚ್ಚಿರಲಿಲ್ಲ. ಶೃಂಗೇರಿಯಲ್ಲಿ ಒಂದಿತ್ತು, ಚೈತ್ರ ಎಂಬ ಟೀಚರಮ್ಮನದು. ಬಂಪರಿನಲ್ಲಿ ದೊಡ್ಡ ಬಿರುಕು. ವನಜಮ್ಮ ಅದರ ಮೇಲೆ ಬೆರಳಿಟ್ಟರು.

"ನಮ್ಮನೆ ಗೇಟಿಗೇ ಗುದ್ದಿದ್ದು. ಕಲೀತಾ ಇದೀನಿ," ಎಂದು ಚೈತ್ರ ನಾಚಿದಳು. ಗೇಟೂ ಸೊಟ್ಟಗಿತ್ತು. ಕಾರಿನ ಲೈಟುಗಳೆರಡೂ ಹಳೆಯವು, ಹಳದಿ ತಿರುಗಿದ್ದವು. ಒಡೆದಿರಲಿಲ್ಲ.

ಕೊನೆಯದು ನರಸಿಂಹರಾಜಪುರದಲ್ಲಿ. ಅಲ್ಲಿಗೆ ರಶ್ಮಿಯೂ ಬಂದರು. ಗೊಬ್ಬರದ ಅಂಗಡಿಯ ಅರುಣನದು. ಅದರ ಲೈಟುಗಳೆರಡೂ ಹೊಸವು, ಫಳಫಳ.

"ಹಳೇವು ಮಂಕಾಗಿದ್ವು, ಬದಲಾಯಿಸ್ದೆ," ಅರುಣ ಕಾಫಿ ತರಿಸುತ್ತ ಹೇಳಿದ. "ಕರಿಯಕ್ಕನ ವಿಷ್ಯ ಕೇಳ್ದೆ. ಪಾಪ. ಆದ್ರೆ ಆಗ ನನ್ನ ಗಾಡಿ ಶೆಡ್ಡಲ್ಲೇ ಕೆಟ್ಟು ನಿಂತಿತ್ತು. ಸ್ಟಾರ್ಟೇ ಆಗ್ತಿರ್ಲಿಲ್ಲ."

"ಎಂತ ಆಗಿತ್ತು?" ವನಜಮ್ಮ ಕೇಳಿದರು.

"ಎಂಜಿನ್ನಿನ ವಿವಿಟಿ ವಾಲ್ವ್ ಹೋಗಿತ್ತು. ಆನ್‌ಲೈನಲ್ಲಿ ತರಿಸಿ, ವಿಡಿಯೋ ನೋಡ್ಕೊಂಡು ನಾನೇ ಹಾಕ್ದೆ. ಮೊನ್ನೆಯಷ್ಟೇ ಸರಿಯಾಯ್ತು."

"ಯಾವ ಮೆಕ್ಯಾನಿಕ್ಕೂ ಬರ್ಲಿಲ್ವಾ?"

"ಅವರನ್ನ ಕಾಯ್ತಾ ಕೂತ್ರೆ ಆಯ್ತು ಕಥೆ!"

ಅರುಣ ಬಾನೆಟ್ ಎತ್ತಿದ. ಎಂಜಿನ್ನಿನ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದರ ಮೇಲೆ ವಿವಿಟಿ ಎಂಬ ದಪ್ಪ ಅಕ್ಷರ. ರಶ್ಮಿ ತಲೆಯಾಡಿಸಿ ಹೊರಡಲು ತಿರುಗಿದರು. ವನಜಮ್ಮ ಅಲ್ಲೇ ನಿಂತರು.

"ಈ ಮುಚ್ಚಳ ಇನ್ನೂ ಇಟ್ಕೊಂಡಿದೀಯಲ್ಲ ಮಾರಾಯ? ನಮ್ಮ ಕಡೆ ಗಾಡಿ ತಂದ ವರ್ಷವೇ ಕಿತ್ತು ಅಟ್ಟಕ್ಕೆ ಹಾಕ್ತಾರೆ. ಅಡಿಯಲ್ಲಿ ಇಲಿ ಸೇರಿ ವಯರು ಕಡಿಯುತ್ತೆ ಅಂತ."

"ನಮ್ಮನೇಲಿ ಇಲಿ ಇಲ್ಲ."

"ಸ್ವಲ್ಪ ತೆಗಿ, ನೋಡೋಣ."

"ಯಾಕೆ? ಬರೆದಿದೆಯಲ್ಲ!"

ವನಜಮ್ಮ ತಾವೇ ಮುಚ್ಚಳದ ಅಂಚು ಹಿಡಿದು ಎಳೆದರು. ಟಪ್ಪೆಂದು ಬಿಟ್ಟುಕೊಂಡಿತು. ಕೆಳಗೆ ಅಂಗೈಯಗಲದ ಇಲಿಗೂಡು. ಅಡಿಕೆ ಸಿಪ್ಪೆಯ ನಾರು, ಸೀಟಿನ ಸ್ಪಂಜು, ಗೊಬ್ಬರ ಚೀಲದ ಎಳೆ. ಮೇಲೆಲ್ಲ ಧೂಳು ಮೆತ್ತಿ ಹಪ್ಪಳದಂತೆ ಗಟ್ಟಿಯಾಗಿತ್ತು.

"ಮೊನ್ನೆ ಇಲ್ಲೇ ಕೈ ಹಾಕಿ ವಾಲ್ವ್ ಕೂರಿಸಿದ್ಯಲ್ಲ? ಗೂಡು ಅಲ್ಲಾಡದ ಹಾಗೆ ಹೇಗೆ ಕೂರಿಸ್ದೆ?"

ಅರುಣ ಒಂದು ಹೆಜ್ಜೆ ಹಿಂದೆ ಸರಿದ. "ಪಕ್ಕದಿಂದ... ಪಕ್ಕದಿಂದ ಹಾಕ್ದೆ."

"ಎಲ್ಲಿ? ತೋರ್ಸು."

ಅವನ ಬೆರಳು ಎಂಜಿನ್ನಿನ ಮೇಲೆ ಅಲೆದಾಡಿತು. ಎಲ್ಲೂ ನಿಲ್ಲಲಿಲ್ಲ.

*

"ಇರೋದಾದ್ರೆ ಇಲ್ಲಿರಬೇಕಿತ್ತು ಮೇಡಂ," ವನಜಮ್ಮ ಎಂಜಿನ್ನಿನ ಒಂದು ಬದಿಗೆ, ಟೈಮಿಂಗ್ ಚೈನ್ ಇರುವ ಕಡೆ ಟಾರ್ಚ್ ಬಿಟ್ಟರು. "ಎಂಜಿನ್ನಿಗೆ ಗಾಳಿ ಬಿಡೋ ವಾಲ್ವುಗಳು ಯಾವಾಗ ತೆರೆದು ಮುಚ್ಚಬೇಕು ಅನ್ನೋದನ್ನ ಎಂಜಿನ್ ಓಟಕ್ಕೆ ತಕ್ಕ ಹಾಗೆ ಬದಲಾಯಿಸೋ ಏರ್ಪಾಡಿಗೆ ವಿವಿಟಿ ಅಂತಾರೆ. ಆಯಿಲ್ ಒತ್ತಡದಲ್ಲಿ ನಡೆಯುತ್ತೆ. ಆ ಆಯಿಲ್ ಬಿಡೋಕೆ ಈ ಮಾಡೆಲಿನಲ್ಲಿ ಹೆಬ್ಬೆರಳಿನಷ್ಟು ದಪ್ಪದ ವಾಲ್ವ್, ಅದಕ್ಕೊಂದು ವಯರಿನ ಸಾಕೆಟ್ ಇಲ್ಲಿ ಕೂತಿರುತ್ತೆ. ನೋಡಿ, ವಾಲ್ವೂ ಇಲ್ಲ, ಅದು ಕೂರೋ ತೂತೂ ಇಲ್ಲ. ಮೊದಮೊದಲು ಬಂದ ಗಾಡಿಗಳಿಗೆ ಅದು ಇರಲೇ ಇಲ್ಲ."

"ಮತ್ತೆ ಮುಚ್ಚಳ?"

"ಹೊರಗಿನಿಂದ ಎರಡೂ ಒಂದೇ ಥರ. ಗುಜರಿಯಿಂದ ಹೊಸ ಗಾಡಿಯ ಮುಚ್ಚಳ ತಂದು ಹಳೇದಕ್ಕೆ ಕೂರಿಸಿ ಬ್ರೋಕರ್‌ಗಳು ಮಾರ್ತಾರೆ. ನನಗೂ ಇದೇ ಮಾಡೆಲನ್ನ ಹಾಗೇ ಮಾರಿದ್ರು. ಪಾರ್ಟ್ ತರೋಕೆ ಹೋದಾಗಲೇ ಗೊತ್ತಾಗಿದ್ದು."

ರಶ್ಮಿ ಅರುಣನ ಕಡೆ ತಿರುಗಿದರು. "ಇಲ್ಲದ ವಾಲ್ವ್ ಹೇಗ್ರೀ ಕೆಟ್ಟುಹೋಗುತ್ತೆ?"

ಅರುಣ ಗೊಬ್ಬರದ ಮೂಟೆಯ ಮೇಲೆ ಕೂತು ಬಾಯಿಬಿಟ್ಟ. ಕಮ್ಮರಡಿಯಲ್ಲಿ ಹೆಂಡತಿಯ ತವರು. ಅಂಗಡಿ ತೆಗೆಯುವ ಹೊತ್ತಿಗೆ ಊರು ಸೇರಬೇಕೆಂದು ಕತ್ತಲಲ್ಲೇ ಹೊರಟಿದ್ದ. ತೂಕಡಿಸಿದ್ದ.

"ದನ ಅಂದ್ಕೊಂಡೆ ಮೇಡಂ. ದೇವರಾಣೆ."

"ದನ ಅಂದ್ಕೊಂಡವನು ಒಂದು ಲೈಟ್ ಒಡೆದ್ರೆ ಎರಡನ್ನೂ ಬದಲಾಯಿಸಲ್ಲ," ವನಜಮ್ಮ ಮೆತ್ತಗೆ ಹೇಳಿದರು. "ಒಂದೇ ಹೊಸದಾಗಿ ಕಂಡ್ರೆ ಅನುಮಾನ ಬರುತ್ತೆ ಅಂತ ಎರಡೂ ಹಾಕ್ದೆ. ಗಾಡಿ ಶೆಡ್ಡಿಂದ ಯಾಕೆ ಹೊರಗೆ ಬರ್ಲಿಲ್ಲ ಅನ್ನೋಕೆ ಒಂದು ಕಾರಣ ಬೇಕಿತ್ತು. ಗ್ಯಾರೇಜ್ ಹೆಸರು ಹೇಳಿದ್ರೆ ನಾವು ಹೋಗಿ ಕೇಳ್ತೀವಿ. ಅದಕ್ಕೇ ಮುಚ್ಚಳದ ಮೇಲಿದ್ದ ಹೆಸರು ಹಿಡಿದು, ನಾನೇ ರಿಪೇರಿ ಮಾಡ್ದೆ ಅಂದೆ."

ಅರುಣ ಕೀಲಿ ತೆಗೆದುಕೊಟ್ಟ. ಒಡೆದ ಲೈಟು ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಮೂಟೆಗಳ ಸಂದಿಯಲ್ಲಿ ಸಿಕ್ಕಿತು. ರಸ್ತೆಯಲ್ಲಿ ಆರಿಸಿದ್ದ ಚೂರುಗಳು ಅದಕ್ಕೆ ಸರಿಯಾಗಿ ಕೂತವು.

*

ಸಕ್ಲೇನನಿಗೆ ಅವನ ಕಾರು ವಾಪಸ್ ಸಿಕ್ಕಿತು. ಲೈಸೆನ್ಸ್ ಉಳಿಯಿತು. ಶಾಲೆಗೆ ಮಕ್ಕಳನ್ನು ಬಿಡುವ ಬಾಡಿಗೆ ಮಾತ್ರ ಹೋಯಿತು. ಮಕ್ಕಳ ತಂದೆತಾಯಿಗಳು ಅಷ್ಟರಲ್ಲಿ ಬೇರೆ ಗಾಡಿ ಗೊತ್ತುಮಾಡಿಕೊಂಡಿದ್ದರು. ತಪ್ಪಾಯಿತು ಎಂದು ಹೇಳಲು ಅವನ ಮನೆಗೆ ಯಾರೂ ಬರಲಿಲ್ಲ.

ಕರಿಯಕ್ಕನ ಹೆಣ ಪರೀಕ್ಷಿಸಿದ ಡಾಕ್ಟರರ ವರದಿ ಬಂತು. ಬಿದ್ದ ಮೇಲೂ ಬಹಳ ಹೊತ್ತು ಜೀವವಿತ್ತು, ರಕ್ತ ಹರಿದು ಸತ್ತಿದ್ದಾಳೆ, ಬೇಗ ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದಳು ಎಂದಿತ್ತು. ಕೊಪ್ಪದ ಆಸ್ಪತ್ರೆ ದೂರವೇನಲ್ಲ. ಅರುಣನ ಹತ್ತಿರ ಕಾರಿತ್ತು, ಅದು ಚೆನ್ನಾಗಿಯೇ ಓಡುತ್ತಿತ್ತು.