ಅಡ್ಡ ಬೆಸೆದ ಕಿವಿ

ನಲವತ್ತು ಟನ್ನಿನ ಟ್ಯಾಂಕು ಗಾಳಿಯಲ್ಲಿ ನೇತಾಡುತ್ತಿರುವಾಗ ಅದರ ಯಾವ ಬೆಸುಗೆಯ ಮೇಲೆ ಎಷ್ಟು ಭಾರ ಬೀಳುತ್ತಿದೆಯೆಂದು ನಾನು ಬರೀ ವಾಸನೆ ಹಿಡಿದು ಹೇಳಬಲ್ಲೆ. ಇಂಥ ಮೂಗಿನ ಪೇದೆ ನಮ್ಮ ಇಲಾಖೆಯಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಈ ಪ್ರಕರಣ ಬಗೆಹರಿದದ್ದೂ ಆ ಮೂಗಿನಿಂದಲೇ.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಟ್ಯಾಂಕ್ ಕಾರ್ಖಾನೆಯ ಫೋರ್‌ಮನ್ ಠಾಣೆಗೆ ಬಂದು ದೂರು ಕೊಟ್ಟ. ಉಗಿಯ ಒತ್ತಡ ತಡೆಯಲೆಂದು ಮಾಡಿದ ಉದ್ದನೆಯ ಟ್ಯಾಂಕನ್ನು ಲಾರಿಗೆ ಏರಿಸುವಾಗ ಕ್ರೇನ್ ಆಪರೇಟರ್ ಝಟ್ಟನೆ ಜಗ್ಗಿದನಂತೆ. ಎತ್ತುವ ಕಿವಿ ಕಿತ್ತುಬಂತು. ಹಗ್ಗ ಕಟ್ಟುವವನ ಕಾಲು ಮುರಿಯಿತು. ಕಿವಿಯೆಂದರೆ ಟ್ಯಾಂಕಿನ ಬೆನ್ನ ಮೇಲೆ ನಿಲ್ಲಿಸಿ ಬೆಸೆದ, ತೂತಿರುವ ದಪ್ಪ ಉಕ್ಕಿನ ತುಂಡು. ಎರಡು ತುದಿಗೆ ಎರಡು. ಎಫ್‌ಐಆರ್ ಆಯಿತು. ಆಪರೇಟರನನ್ನು ಕರೆತಂದು ಕೂರಿಸಿದೆವು.

ಮಧ್ಯಾಹ್ನ ಅವನ ಹೆಂಡತಿ ಬಂದಳು.

“ಅಣ್ಣಾ, ನಮ್ಮನೆಯವರು ಮಗೂನ ತೊಟ್ಟಿಲು ಕೂಡ ಜೋರಾಗಿ ತೂಗೋರಲ್ಲ. ಈ ಕೇಸು ನಿಂತರೆ ಜೈಲು. ಆಮೇಲೆ ಯಾರು ಇವರನ್ನ ಕ್ರೇನ್ ಹತ್ತಿಸ್ತಾರೆ?”

ನನ್ನ ಮೂಗಿರುವ ತನಕ ಚಿಂತೆ ಬೇಡವೆಂದೆ. ಆಕೆ ನನ್ನನ್ನು ಬಿಟ್ಟು ಇನ್ಸ್‌ಪೆಕ್ಟರ್ ಸಾಹೇಬರ ಕಡೆ ತಿರುಗಿ ನಿಂತಳು.

ಸ್ಥಳಕ್ಕೆ ಹೋದಾಗ ಕಿತ್ತ ಕಿವಿ ಇನ್ನೂ ಕೊಕ್ಕೆಯಲ್ಲೇ ತೂಗುತ್ತಿತ್ತು. ಸಾಹೇಬರು ತೂತಿನೊಳಗೆ ಬೆರಳಾಡಿಸಿದರು. ಜಗ್ಗಿದ್ದರೆ ತೂತು ಉದ್ದವಾಗಬೇಕಿತ್ತು. ಅದು ಗುಂಡಗೇ ಇತ್ತು. ತುಂಡು ಮಾತ್ರ ಪಕ್ಕಕ್ಕೆ ಮಡಚಿಕೊಂಡು, ಬುಡ ಗುರುತು ಸಿಗದಂತೆ ಹರಿದಿತ್ತು. ನೆಲಕ್ಕೆ ಬಡಿದು ಬಾಗಿದೆ ಎಂದ ಫೋರ್‌ಮನ್. ಟ್ಯಾಂಕಿನ ಮೇಲೆ ಎರಡೂ ಕಿವಿಗಳಿದ್ದ ಜಾಗವನ್ನು ಉಜ್ಜಿ ಬಣ್ಣ ಬಳಿದಿದ್ದರು. ಇನ್ನೊಂದು ಕಿವಿಯನ್ನು ಕತ್ತರಿಸಿ ಗುಜರಿಗೆ ಎಸೆದದ್ದಾಗಿ ಆತನೇ ಹೇಳಿದ.

ಮರುದಿನ ನಕ್ಷೆ ಬರೆದ ಎಂಜಿನಿಯರ್ ಹೆಣ್ಣುಮಗಳು ಸಾಹೇಬರ ಮೇಜಿನ ಸ್ಕೇಲನ್ನೇ ಎತ್ತಿಕೊಂಡು ವಿವರಿಸಿದಳು. ಎರಡು ಹಗ್ಗಗಳೂ ಮೇಲೆ ಒಂದೇ ಕೊಕ್ಕೆಗೆ ಸೇರುವುದರಿಂದ ಒಳಕ್ಕೆ ಓರೆಯಾಗಿ ಎಳೆಯುತ್ತವೆ. ಕಿವಿ ಟ್ಯಾಂಕಿನ ಉದ್ದಕ್ಕೆ ನಿಂತಿದ್ದರೆ ತಡೆಯುತ್ತದೆ. ಸ್ಕೇಲಿನ ಅಂಚನ್ನು ಒತ್ತಿ ತೋರಿಸಿದಳು, ಅಲುಗಲಿಲ್ಲ. ಅಡ್ಡ ನಿಂತಿದ್ದರೆ? ಸ್ಕೇಲಿನ ಚಪ್ಪಟೆ ಮೈ ಒತ್ತಿದಳು, ಬಾಗಿತು.

“ಅಡ್ಡ ಬೆಸೆದಿದ್ದರು ಅನ್ನೋಕೆ ಸಾಕ್ಷಿ?” ಎಂದರು ಸಾಹೇಬರು.

“ಇನ್ನೊಂದು ಕಿವಿ ಸಿಗಬೇಕು ಸಾರ್. ಉದ್ದಕ್ಕೆ ಬೆಸೆದಿದ್ದರೆ ಬುಡ ನೆಟ್ಟಗಿರುತ್ತೆ. ಅಡ್ಡ ಬೆಸೆದಿದ್ದರೆ ಟ್ಯಾಂಕಿನ ಗುಂಡು ಬೆನ್ನಿಗೆ ಕೂರೋ ಹಾಗೆ ಕೊರೆದಿರ್ತಾರೆ.”

ಗುರುವಾರ ನನ್ನ ಮೂಗು ಕೆಲಸಕ್ಕಿಳಿಯಿತು. ಬೆಟ್ಟದಂಥ ಗುಜರಿಯ ರಾಶಿ, ಲಕ್ಷಾಂತರ ತುಂಡುಗಳು. ಒಂದೇ ಸಲ ಉಸಿರೆಳೆದು ನೇರ ಹೋಗಿ ಎತ್ತಿದೆ. ಬುಡ ಕಮಾನಿನಂತೆ ಕೊರೆದಿತ್ತು.

ತುಂಡನ್ನು ಮೇಜಿನ ಮೇಲಿಟ್ಟಾಗ ಫೋರ್‌ಮನ್ ಕುರ್ಚಿ ಎಳೆದುಕೊಂಡು ಕೂತ.

“ಯಾಕೆ ಅಡ್ಡ ಬೆಸೆದ್ರಿ?” ಸಾಹೇಬರು ಕೇಳಿದರು.

“ಯಾವಾಗಲೂ ಹಾಗೇ ಸಾರ್. ಮುಂಚೆ ಕೊಕ್ಕೆಗೆ ಉಕ್ಕಿನ ತೊಲೆ ಕಟ್ಟಿ ಹಗ್ಗ ನೆಟ್ಟಗೆ ಇಳಿಬಿಡ್ತಿದ್ವಿ. ಕಿವಿ ಹೇಗಿದ್ರೂ ನಡೀತಿತ್ತು. ಈ ಸಲ ತೊಲೆ ಬೇಡ, ಕಿವಿ ಉದ್ದಕ್ಕಿರಲಿ ಅಂತ ನಕ್ಷೇಲಿತ್ತು.”

“ಗೊತ್ತಾದದ್ದು ಯಾವಾಗ?”

“ಬೆಸುಗೆಯ ಬಿಗಿ ಇಳೀಲಿ ಅಂತ ಟ್ಯಾಂಕನ್ನ ಕುಲುಮೇಲಿ ಕಾಯಿಸಿದ ಮೇಲೆ. ತಿರುಗಿ ಬೆಸೆದರೆ ತಿರುಗಿ ಕಾಯಿಸಬೇಕು. ಎಲ್ಲರಿಗೂ ತಿಳಿಯುತ್ತೆ.”

“ತಿಳೀಲಿ.”

ಆತ ಮೇಜಿನ ಮೇಲಿನ ತುಂಡನ್ನು ದೂರ ಸರಿಸಿದ. “ಆ ಹುಡುಗಿಗೆ ನಕ್ಷೆ ಓದೋಕೆ ಕಲಿಸಿದ್ದೇ ನಾನು. ಅವಳ ನಕ್ಷೇನ ನಾನೇ ಓದಲಿಲ್ಲ ಅಂತ ಅವಳ ಮುಂದೆ ಹೇಗೆ ಹೇಳಲಿ?”

ಸಂಜೆ ಐದಕ್ಕೆ ಆತನ ಬಂಧನವಾಯಿತು. ಹೊರಗಿದ್ದ ಆ ಹುಡುಗಿ ಸ್ಕೂಟರಿನ ಕೀಲಿ ಹಿಡಿದು ನಿಂತೇ ಇದ್ದಳು, ಹೊರಡಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಅದಕ್ಕೂ ಮುಂಚೆ, ಮಧ್ಯಾಹ್ನವೇ, ತುಂಡಿನ ಪಂಚನಾಮೆ ಆಗಿತ್ತಲ್ಲ. ಇಬ್ಬರು ಪಂಚರು, ಬಾಗಿಲಲ್ಲಿ ಆಪರೇಟರನ ಹೆಂಡತಿ.

“ಎಲ್ಲಿ ಸಿಕ್ಕಿತು?” ಸಾಹೇಬರು ಪೆನ್ನು ಎತ್ತಿದರು.

ನಾನು ಮೂಗಿನ ಕತೆ ಶುರುಮಾಡಿದೆ.

“ಇದರಲ್ಲಿ ಒಂದು ಸುಳ್ಳು ಸೇರಿದರೂ ಈಕೆಯ ಗಂಡ ಒಳಗೇ ಇರ್ತಾನೆ. ಎಲ್ಲಿ?”

ಆಕೆ ನನ್ನನ್ನೇ ನೋಡುತ್ತಿದ್ದಳು.

“ಕಾರ್ಖಾನೆ ಗೇಟಿನ ಪಕ್ಕ ಬಿದ್ದಿತ್ತು ಸಾರ್. ನೆಲ ಮೆತ್ತಗಿತ್ತು ಅಂತ ಮಂಗಳವಾರವೇ ಬೈಕಿನ ಸ್ಟ್ಯಾಂಡಿನ ಕೆಳಗೆ ಇಟ್ಕೊಂಡು ಅಲ್ಲೇ ಬಿಟ್ಟಿದ್ದೆ. ಇವತ್ತು ಮತ್ತೆ ಅಲ್ಲೇ ನಿಲ್ಲಿಸಿದ ಬೈಕ್ ತೆಗೆಯುವಾಗ ಎಡವಿದೆ.”

ಸಾಹೇಬರು ಒಂದಕ್ಷರವೂ ಬಿಡದೆ ಬರೆದುಕೊಂಡರು. “ಮತ್ತೆ ಮೂಗು?”

“ಸೋಮವಾರದಿಂದ ನೆಗಡಿ ಸಾರ್.”